ಮಕ್ಕಳ ನಡುವೆ ನಿಂತ ಗುರು: ಸಂತ ಜಾನ್ ಬೋಸ್ಕೊ

ಜನವರಿ 31 ಸಂತ ಜಾನ್ ಬೋಸ್ಕೊರವರ ಹಬ್ಬ. 1888ರ ಅದೇ ದಿನ ಬೆಳಗಿನ ಜಾವ ಇಟಲಿಯ ಟ್ಯೂರಿನ್ ನಗರದಲ್ಲಿ ಅವರು ಕಣ್ಮುಚ್ಚಿದರು. ಡಾನ್ ಬೋಸ್ಕೊ ಎಂಬ ಹೆಸರು ನಮ್ಮ ನಾಡಿಗೆ ಹೊಸದಲ್ಲ. ಡಾನ್ ಎಂಬುದು ಇಟಲಿಯಲ್ಲಿ ಗುರುಗಳಿಗೆ ಸಲ್ಲುವ ಗೌರವಸೂಚಕ. ಚಲನಚಿತ್ರಗಳ ಡಾನ್ ನೆನಪಾಗಿ ನಮ್ಮ ಹುಡುಗರು ನಗುವುದುಂಟು. ನಗಲಿ, ಈ ಸಂತರಿಗೆ ಹುಡುಗರ ನಗು ಎಂದೂ ಬೇಸರ ತಂದದ್ದಿಲ್ಲ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗದ ನಮ್ಮ ಶಾಲೆಗಳಲ್ಲಿ ಬರುವ ಶೈಕ್ಷಣಿಕ ವರ್ಷದ ಯೋಜನೆಗಳು ಸಿದ್ಧಗೊಳ್ಳುವುದು ಈ ದಿನಗಳಲ್ಲೇ. ಐದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಶೀಲ ಶಿಕ್ಷಣದ ಕಾರ್ಯಕ್ರಮವೊಂದು ಬೇಕು ಎಂಬ ಮಾತು ಶಿಕ್ಷಕರ ಮತ್ತು ಪೋಷಕರ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಸಾಮಾನ್ಯವಾಗಿ ಅದು ತಳೆಯುವ ರೂಪ ನಮಗೆಲ್ಲ ಪರಿಚಿತವೇ: ವಾರಕ್ಕೊಂದು ಅವಧಿ, ಬಣ್ಣದ ಚಿತ್ರಗಳ ಒಂದು ಪುಸ್ತಕ, ತಿಂಗಳಿಗೊಂದು ಮೌಲ್ಯ, ಗೋಡೆಯ ಮೇಲೊಂದು ಫಲಕ. ಪರೀಕ್ಷೆ ಸಮೀಪಿಸಿದಾಗ ಆ ಅವಧಿಯನ್ನು ಗಣಿತದವರು ಕೇಳಿ ಪಡೆಯುತ್ತಾರೆ, ಯಾರೂ ಆಕ್ಷೇಪಿಸುವುದಿಲ್ಲ. ಇಂತಹ ಸಮಯದಲ್ಲಿ, ಸುಮಾರು ಇದೇ ವಯಸ್ಸಿನ ಹುಡುಗರಿಗಾಗಿಯೇ ಬದುಕನ್ನು ಸವೆಸಿದ ಒಬ್ಬ ಗುರುವಿನ ಜೀವನವನ್ನು ಹೊರಳಿ ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ. ಅವರು ಕಟ್ಟಿದ್ದು ಹೇಗೆ ಎಂಬುದಷ್ಟೇ ಅಲ್ಲ, ಕಟ್ಟಿದ್ದು ಅವರ ಕಣ್ಣೆದುರೇ ಸಡಿಲಗೊಳ್ಳತೊಡಗಿದಾಗ ಅವರು ಕಂಡುಕೊಂಡ ಕಾರಣವೇನು ಎಂಬುದೂ ನಮಗೆ ಮುಖ್ಯ.

ಜಾನ್ ಬೋಸ್ಕೊ ಹುಟ್ಟಿದ್ದು 1815ರ ಆಗಸ್ಟ್ 16ರಂದು, ಉತ್ತರ ಇಟಲಿಯ ಪಿಯೆಡ್‌ಮೊಂಟ್ ಸೀಮೆಯ ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆ ಫ್ರಾನ್ಸಿಸ್ ತೀರಿಕೊಂಡರು. ಬರಗಾಲದ ದಿನಗಳು. ತಾಯಿ ಮಾರ್ಗರೀತಾ ಅಕ್ಷರ ಬಾರದ ರೈತ ಮಹಿಳೆ. ವಯಸ್ಸಾದ ಅತ್ತೆ, ಮಲಮಗ ಅಂತೋಣಿ, ತನ್ನ ಇಬ್ಬರು ಪುಟ್ಟ ಮಕ್ಕಳು, ಇಷ್ಟು ಜನರ ಭಾರ ಅವಳೊಬ್ಬಳ ಹೆಗಲ ಮೇಲೆ. ಜಾನನಿಗೆ ಓದುವ ಹಂಬಲ. ಅಂತೋಣಿಗಾದರೋ ಹೊಲದಲ್ಲಿ ದುಡಿಯಬೇಕಾದ ಕೈ ಪುಸ್ತಕ ಹಿಡಿಯುವುದು ಸರಿಬರದು. ಮನೆಯಲ್ಲಿ ದಿನವೂ ಜಗಳ. ಕೊನೆಗೆ 1828ರ ಚಳಿಗಾಲದಲ್ಲಿ ತಾಯಿ ಎದೆ ಗಟ್ಟಿ ಮಾಡಿಕೊಂಡು ಹನ್ನೆರಡರ ಮಗನನ್ನು ಮನೆಯಿಂದ ಹೊರಗೆ ಕಳುಹಿಸಿದಳು. ಮೊಗ್ಲಿಯಾ ಎಂಬ ರೈತ ಕುಟುಂಬದಲ್ಲಿ ದನ ಕಾಯುವ ಆಳಾಗಿ ಆತ ಸುಮಾರು ಎರಡು ವರ್ಷ ದುಡಿದ. ಬಡ ಹುಡುಗರ ಪಾಡನ್ನು ಮುಂದೆ ಅವರು ಪುಸ್ತಕದಿಂದ ತಿಳಿಯಬೇಕಾಗಲಿಲ್ಲ.

ಒಂಬತ್ತನೆಯ ವಯಸ್ಸಿನಲ್ಲಿ ಕಂಡ ಕನಸೊಂದನ್ನು ಅವರು ಜೀವನದುದ್ದಕ್ಕೂ ಮರೆಯಲಿಲ್ಲ. ಬಯಲಿನಲ್ಲಿ ಹುಡುಗರ ದೊಡ್ಡ ಗುಂಪು. ಕೆಲವರು ನಗುತ್ತಿದ್ದಾರೆ, ಕೆಲವರು ಆಡುತ್ತಿದ್ದಾರೆ, ಹಲವರು ಹೊಲಸು ಮಾತನಾಡುತ್ತಿದ್ದಾರೆ. ಅದನ್ನು ಕೇಳಲಾರದೆ ಜಾನ್ ಅವರ ನಡುವೆ ನುಗ್ಗಿ ಮುಷ್ಟಿ ಬಿಗಿದು ಹೊಡೆಯತೊಡಗುತ್ತಾನೆ. ಆಗ ತೇಜೋಮಯನಾದ ವ್ಯಕ್ತಿಯೊಬ್ಬ ಅವನನ್ನು ತಡೆದು, ಏಟಿನಿಂದಲ್ಲ, ಸೌಮ್ಯತೆ ಮತ್ತು ಪ್ರೀತಿಯಿಂದ ಇವರನ್ನು ಗೆಲ್ಲಬೇಕೆಂದು ತಿಳಿಸುತ್ತಾನೆ. ಕನಸನ್ನು ಕನಸೆಂದೇ ಬಿಡೋಣ. ನಾವು ಗಮನಿಸಬೇಕಾದದ್ದು ಆ ಬಾಲಕನ ಸ್ವಭಾವ. ಅವನು ಹುಟ್ಟಾ ಸಾಧುವಲ್ಲ. ಮುಂಗೋಪಿ, ಗಟ್ಟಿಮುಟ್ಟಾದ ಮೈಕಟ್ಟಿನವನು. ಮುಂದೆ ಕಿಯೆರಿ ಪಟ್ಟಣದಲ್ಲಿ ಓದುತ್ತಿದ್ದಾಗ ಲೂಯಿ ಕೊಮೊಲ್ಲೊ ಎಂಬ ಮೆದು ಸ್ವಭಾವದ ಗೆಳೆಯನನ್ನು ಪುಂಡರು ಹೊಡೆಯುವುದನ್ನು ಕಂಡು, ಕೈಗೆ ಕೋಲು ಸಿಗದೆ, ಅವರಲ್ಲೊಬ್ಬನನ್ನೇ ಭುಜ ಹಿಡಿದೆತ್ತಿ ಉಳಿದವರನ್ನು ಚಚ್ಚಿದನಂತೆ! ಪೆಟ್ಟು ತಿಂದ ಕೊಮೊಲ್ಲೊ ಕೃತಜ್ಞತೆ ಹೇಳುವ ಬದಲು, ದೇವರು ಶಕ್ತಿ ಕೊಟ್ಟದ್ದು ಇದಕ್ಕಲ್ಲ ಎಂದು ಅವನನ್ನೇ ತಿದ್ದಿದ. ಸಂತರ ಶೀಲವೂ ಕಟ್ಟಬೇಕಾದ ಮನೆಯೇ. ಅದರ ಇಟ್ಟಿಗೆಗಳನ್ನು ಹೊತ್ತು ತಂದವರಲ್ಲಿ ಓರಗೆಯವರೂ ಇದ್ದರು.

ಓದು ಸಲೀಸಾಗಿ ಸಾಗಲಿಲ್ಲ. ವೃದ್ಧ ಗುರು ಕಲೊಸ್ಸೊರವರು ಬಾಲಕನ ಬುದ್ಧಿಗೆ ಮಾರುಹೋಗಿ ಲ್ಯಾಟಿನ್ ಕಲಿಸತೊಡಗಿದರು; ವರ್ಷ ಕಳೆಯುವಷ್ಟರಲ್ಲಿ, 1830ರ ನವೆಂಬರ್‌ನಲ್ಲಿ, ಅವರು ತೀರಿಕೊಂಡರು. 1831ರಲ್ಲಿ ಕಿಯೆರಿಯ ಶಾಲೆ ಸೇರಿದಾಗ ಹದಿನಾರರ ಜಾನ್ ತನಗಿಂತ ಎಷ್ಟೋ ಚಿಕ್ಕ ಮಕ್ಕಳ ಪಕ್ಕ ಕೂರಬೇಕಾಯಿತು. ಹೊಟ್ಟೆಪಾಡಿಗೆ ಕಾಫಿ ಅಂಗಡಿಯಲ್ಲಿ ದುಡಿದ. ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ ಮಲಗಿದ. ಹೊಲಿಗೆ ಕಲಿತ, ಮಿಠಾಯಿ ಮಾಡಲು ಕಲಿತ. ಹಗ್ಗದ ಮೇಲಿನ ನಡಿಗೆ, ಕೈಚಳಕದ ಆಟಗಳು ಚಿಕ್ಕಂದಿನಿಂದಲೇ ಬರುತ್ತಿದ್ದವು. ಸಹಪಾಠಿಗಳನ್ನು ಕೂಡಿಸಿ ಅವನು ಕಟ್ಟಿದ ಸಂಘಕ್ಕೆ ಸಂತೋಷ ಸಂಘವೆಂದು ಹೆಸರು. ಅದರ ನಿಯಮಗಳು ಬೆರಳೆಣಿಕೆಯಷ್ಟು: ಕ್ರೈಸ್ತನಿಗೆ ಒಪ್ಪದ ನಡೆ-ನುಡಿ ಸಲ್ಲದು, ತನ್ನ ಪಾಲಿನ ಕರ್ತವ್ಯ ತಪ್ಪಬಾರದು, ಉಲ್ಲಾಸದಿಂದಿರಬೇಕು. ಉಲ್ಲಾಸವನ್ನು ನಿಯಮವಾಗಿಸಿದ ವಿದ್ಯಾರ್ಥಿ ಸಂಘ ಎಷ್ಟು ಶಾಲೆಗಳಲ್ಲಿದ್ದೀತು?

1841ರ ಜೂನ್ 5ರಂದು ಅವರಿಗೆ ಗುರುದೀಕ್ಷೆಯಾಯಿತು. ಟ್ಯೂರಿನ್ ನಗರದಲ್ಲಿ ಸಂತ ಜೋಸೆಫ್ ಕಫಾಸ್ಸೊರವರ ಮಾರ್ಗದರ್ಶನದಲ್ಲಿ ಉನ್ನತ ಅಧ್ಯಯನಕ್ಕೆ ತೊಡಗಿದ ಯುವ ಯಾಜಕರು ಅವರ ಜೊತೆಯಲ್ಲೇ ಸೆರೆಮನೆಗಳಿಗೆ ಹೋಗತೊಡಗಿದರು. ಅಲ್ಲಿ ಕಂಡದ್ದು ಅವರ ಬದುಕಿನ ದಿಕ್ಕನ್ನೇ ತಿರುಗಿಸಿತು. ಹನ್ನೆರಡರಿಂದ ಹದಿನೆಂಟರ ಹರೆಯದ, ಆರೋಗ್ಯವಂತ, ಚುರುಕಾದ ಹುಡುಗರು ಅಲ್ಲಿ ಹೇನು ಹತ್ತಿ, ಹಸಿದು, ಕೆಲಸವಿಲ್ಲದೆ ಕೊಳೆಯುತ್ತಿದ್ದರು. ಬಿಡುಗಡೆಯಾಗುವಾಗ ಒಳ್ಳೆಯವರಾಗಿ ಬಾಳುವೆವೆಂದು ಮಾತುಕೊಟ್ಟು ಹೋದವರೇ ಕೆಲವು ದಿನಗಳಲ್ಲಿ ಮತ್ತೆ ಒಳಗೆ ಬರುತ್ತಿದ್ದರು. ಹೊರಗೆ ಅವರಿಗಾಗಿ ಕಾಯುವವರು ಒಬ್ಬರೂ ಇರಲಿಲ್ಲ ಎಂಬುದನ್ನು ಡಾನ್ ಬೋಸ್ಕೊ ಕಂಡುಕೊಂಡರು. ಉಪದೇಶದ ಕೊರತೆ ಅವರಿಗಿರಲಿಲ್ಲ. ಉಪದೇಶ ಸೆರೆಮನೆಯಲ್ಲೂ ಸಿಗುತ್ತಿತ್ತು.

ಅಂದಿನ ಟ್ಯೂರಿನ್ ನಮ್ಮ ಪಶ್ಚಿಮ ಬೆಂಗಳೂರಿಗೆ ಅಷ್ಟೇನೂ ದೂರವಲ್ಲ. ಹಳ್ಳಿಗಳಿಂದ ಹುಡುಗರು ಗಾರೆ ಕೆಲಸಕ್ಕೆ, ಚಿಮಣಿ ಗುಡಿಸಲು, ಕಲ್ಲು ಹೊರಲು ಬರುತ್ತಿದ್ದರು. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್, ಕಾಮಾಕ್ಷಿಪಾಳ್ಯದ ಲೇತ್ ಶಾಪುಗಳು, ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಯ ಗ್ಯಾರೇಜುಗಳು ಬೆಳೆದ ಬಗೆಯನ್ನು ಕಂಡ ಹಿರಿಯರಿಗೆ ಆ ಚಿತ್ರ ತಾನೇ ಕಣ್ಣಿಗೆ ಕಟ್ಟುತ್ತದೆ. ಇಂದು ಕಾನೂನು ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸಿದೆ. ಅದು ದೊಡ್ಡ ಗಳಿಕೆ. ಆದರೆ ತಂದೆ-ತಾಯಿ ಇಬ್ಬರೂ ದುಡಿಯಲು ಹೋದ ಮನೆಯಲ್ಲಿ, ಶಾಲೆ ಬಿಟ್ಟ ಮೇಲೆ ರಾತ್ರಿಯವರೆಗೆ ಮೊಬೈಲ್ ಫೋನಿನೊಡನೆ ಒಂಟಿಯಾಗಿ ಕುಳಿತ ಮಗುವಿಗೂ ಹೊರಗೆ ಕಾಯುವವರಿಲ್ಲ.

ಆ ವರ್ಷದ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಡಾನ್ ಬೋಸ್ಕೊರವರು ಬಲಿಪೂಜೆಗೆ ವಸ್ತ್ರ ತೊಡುತ್ತಿದ್ದರು. ಬಾರ್ತಲೋಮಿಯೊ ಗರೆಲ್ಲಿ ಎಂಬ ಹದಿನಾರರ ಅನಾಥ ಹುಡುಗ, ಗಾರೆ ಕೆಲಸದವನು, ಚಳಿಗೋ ಕುತೂಹಲಕ್ಕೋ ಒಳಗೆ ಬಂದು ನಿಂತಿದ್ದ. ಪೂಜೆಗೆ ಸಹಾಯ ಮಾಡಲು ಬಾರದೆಂದು ತಿಳಿದ ಪರಿಚಾರಕ ಧೂಳು ಹೊಡೆಯುವ ಕೋಲಿನಿಂದಲೇ ಅವನನ್ನು ಬಾರಿಸಿ ಅಟ್ಟಿದ. ಡಾನ್ ಬೋಸ್ಕೊ ಪರಿಚಾರಕನನ್ನು ತಡೆದು, ಆತ ತನ್ನ ಸ್ನೇಹಿತನೆಂದು ಹೇಳಿ ಹುಡುಗನನ್ನು ಹಿಂದಕ್ಕೆ ಕರೆಸಿದರು. ಪೂಜೆಯ ನಂತರ ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿದರು. ತಂದೆಯಿಲ್ಲ, ತಾಯಿಯಿಲ್ಲ, ಓದು ಬಾರದು, ಬರಹ ಬಾರದು. ಕೊನೆಗೆ ಸಿಳ್ಳೆ ಹೊಡೆಯಲು ಬರುತ್ತದೆಯೇ ಎಂದು ಕೇಳಿದಾಗ ಹುಡುಗನ ಮುಖದಲ್ಲಿ ನಗು ಮೂಡಿತೆಂದು ಜೀವನಚರಿತ್ರೆಕಾರರು ಹೇಳುತ್ತಾರೆ. ಪಾಠ ಆರಂಭವಾದದ್ದು ಆ ನಗುವಿನ ಮೇಲೆ. ಬಾರದ್ದನ್ನೇ ಪಟ್ಟಿ ಮಾಡಿಸಿಕೊಂಡು ತಲೆತಗ್ಗಿಸಿದ್ದ ಹುಡುಗನಲ್ಲಿ ಬರುವುದೊಂದನ್ನು ಹುಡುಕಿ ತೆಗೆದ ಆ ಪ್ರಶ್ನೆಯನ್ನು ನಾವು ಬಹಳ ಮೆಚ್ಚುತ್ತೇವೆ. ಮುಂದಿನ ಭಾನುವಾರ ಗರೆಲ್ಲಿ ಗೆಳೆಯರನ್ನು ಕರೆತಂದ. ಅವರ ಸಂಖ್ಯೆ ಬೆಳೆಯುತ್ತ ಹೋಯಿತು. ಭಾನುವಾರ ಸೇರಿ ಪ್ರಾರ್ಥಿಸಿ, ಅಕ್ಷರ ಮತ್ತು ಜ್ಞಾನೋಪದೇಶ ಕಲಿತು, ದಿನವಿಡೀ ಆಡುವ ಈ ಕೂಟಕ್ಕೆ ಒರೆಟರಿ ಎಂದು ಹೆಸರಾಯಿತು.

ಹುಡುಗರಿದ್ದಲ್ಲಿ ಗಲಾಟೆ ತಪ್ಪದು. ನೆರೆಹೊರೆಯವರ ದೂರು, ಅಧಿಕಾರಿಗಳ ಸಂದೇಹ, ಜಾಗದ ಒಡೆಯರ ನೋಟೀಸು. ಒರೆಟರಿ ಊರ ತುಂಬ ಅಲೆಯಿತು. ಬಾಡಿಗೆಗೆ ಹಿಡಿದ ಹುಲ್ಲುಗಾವಲಿನಿಂದಲೂ ಹೊರಬೀಳಬೇಕಾಯಿತು, ಹುಡುಗರ ತುಳಿತಕ್ಕೆ ಹುಲ್ಲಿನ ಬೇರೂ ಉಳಿಯುವುದಿಲ್ಲವೆಂಬ ಕಾರಣಕ್ಕೆ. ನಮ್ಮ ಬಡಾವಣೆಗಳ ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ಆಟ ನಿಷೇಧಿಸಿದ ಫಲಕಗಳನ್ನು ಓದುವಾಗ ಆ ಹುಲ್ಲುಗಾವಲು ನೆನಪಾಗದಿರದು. ಡಾನ್ ಬೋಸ್ಕೊರವರಿಗೆ ಬುದ್ಧಿಭ್ರಮಣೆಯಾಗಿದೆ ಎಂಬ ಪುಕಾರೂ ಹಬ್ಬಿತು. ಸಹೋದ್ಯೋಗಿ ಗುರುಗಳಿಬ್ಬರು ಸಾರೋಟು ತಂದು, ಗಾಳಿ ಸೇವನೆಯ ನೆಪದಲ್ಲಿ ಅವರನ್ನು ಹುಚ್ಚಾಸ್ಪತ್ರೆಗೆ ಒಯ್ಯಲು ಹವಣಿಸಿದಾಗ, ವಿನಯದಿಂದ ಅವರಿಬ್ಬರನ್ನೇ ಮೊದಲು ಹತ್ತಿಸಿ, ಬಾಗಿಲು ಜಡಿದು, ಬಂಡಿ ಹೊಡೆಯಲು ಹೇಳಿದ ಕಥೆ ಪ್ರಸಿದ್ಧ.

1846ರ ಏಪ್ರಿಲ್ 12, ಪಾಸ್ಖ ಹಬ್ಬದ ದಿನ, ವಲ್ದೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬವರಿಗೆ ಸೇರಿದ ಒಂದು ತಗ್ಗು ಮಾಡಿನ ಕೊಟ್ಟಿಗೆ ಒರೆಟರಿಯ ಸ್ಥಿರ ನೆಲೆಯಾಯಿತು. ಒಳಗೆ ನೆಟ್ಟಗೆ ನಿಲ್ಲಲಾಗದಷ್ಟು ತಗ್ಗಾಗಿದ್ದರಿಂದ ನೆಲವನ್ನೇ ಅಗೆದು ಇಳಿಸಬೇಕಾಯಿತು. ಅದೇ ಜುಲೈಯಲ್ಲಿ ದುಡಿಮೆಯ ಭಾರಕ್ಕೆ ಕುಸಿದು ಅವರು ಸಾವಿನ ಅಂಚಿಗೆ ಹೋದರು. ಗಾರೆ ಕೆಲಸದ ಹುಡುಗರು ಸುಡುಬಿಸಿಲಲ್ಲಿ ಉಪವಾಸವಿದ್ದು ಪ್ರಾರ್ಥಿಸಿದರು. ಗುಣಮುಖರಾದ ಗುರುಗಳು, ಉಳಿದ ಆಯುಷ್ಯವೆಲ್ಲ ಆ ಹುಡುಗರದೇ ಎಂದು ನಿಶ್ಚಯಿಸಿದರು. ನವೆಂಬರ್ 3ರಂದು ತಾಯಿ ಮಾರ್ಗರೀತಾ ತನ್ನ ಹಳ್ಳಿ, ಮೊಮ್ಮಕ್ಕಳನ್ನು ಬಿಟ್ಟು ಮಗನ ಜೊತೆ ವಲ್ದೊಕ್ಕೊಗೆ ನಡೆದು ಬಂದಳು. ಮದುವೆಯ ಉಂಗುರ, ಸರ ಮಾರಿಹೋದವು. ರಾತ್ರಿ ಆಶ್ರಯ ಕೊಟ್ಟ ಮೊದಲ ಹುಡುಗರು ಬೆಳಗಾಗುವಷ್ಟರಲ್ಲಿ ಹೊದಿಕೆಗಳನ್ನು ಹೊತ್ತು ಪರಾರಿಯಾಗಿದ್ದರು. ಆದರೂ 1847ರ ಒಂದು ಮಳೆಯ ರಾತ್ರಿ ಬಾಗಿಲು ಬಡಿದ ಅನಾಥ ಹುಡುಗನಿಗೆ ಆಕೆ ಅಡುಗೆಮನೆಯಲ್ಲಿ ಹಾಸಿಗೆ ಹಾಸಿಕೊಟ್ಟಳು. ಮಲಗುವ ಮುನ್ನ ದುಡಿಮೆ, ಪ್ರಾಮಾಣಿಕತೆ, ದೈವಭಕ್ತಿಗಳ ಬಗ್ಗೆ ಅವನಿಗೆ ನಾಲ್ಕು ಮಾತು ಹೇಳಿದಳು. ಸಲೇಷಿಯನ್ ಶಾಲೆಗಳಲ್ಲಿ ಇಂದಿಗೂ ನಡೆದುಬಂದಿರುವ ಶುಭರಾತ್ರಿಯ ನುಡಿಗೆ ಮೂಲ ಅದೇ. ಎರಡು ಮೂರು ನಿಮಿಷ ಮೀರದ ಮಾತು, ಆ ದಿನ ನಡೆದ ಸಂಗತಿಯ ಮೇಲೆ. ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಬಿಸಿಲಿಗೆ ಮಕ್ಕಳನ್ನು ನಿಲ್ಲಿಸಿ ಅರ್ಧ ಗಂಟೆ ಉಪದೇಶಿಸುವವರು ಇದನ್ನು ಗಮನಿಸಬೇಕು.

ಒಂದು ದಿನ ಹುಡುಗರು ಯುದ್ಧದಾಟ ಆಡುತ್ತ ತಾಯಿಯ ತರಕಾರಿ ತೋಟವನ್ನು ತುಳಿದು ಹಾಳುಗೆಡವಿದಾಗ ಆಕೆಯ ತಾಳ್ಮೆಯೂ ಮುಗಿಯಿತು. ಹಳ್ಳಿಗೆ ಹಿಂದಿರುಗುವುದಾಗಿ ಮಗನಿಗೆ ತಿಳಿಸಿದಳು. ಮಗ ಮಾತನಾಡದೆ ಗೋಡೆಯ ಮೇಲಿನ ಶಿಲುಬೆಯತ್ತ ಬೆರಳು ತೋರಿದ. ಆಕೆಯ ಕಣ್ಣು ತುಂಬಿತು. ಸೆರಗು ಬಿಗಿದು ಕೆಲಸಕ್ಕೆ ಮರಳಿದಳು. 1856ರಲ್ಲಿ ಸಾಯುವವರೆಗೂ ಆಕೆ ಅಲ್ಲೇ ಇದ್ದಳು.

ಹುಡುಗರನ್ನು ಕೆಲಸಕ್ಕೆ ಕಳುಹಿಸಿ ಸುಮ್ಮನಿರುವ ಜಾಯಮಾನ ಡಾನ್ ಬೋಸ್ಕೊರವರದಲ್ಲ. ಅವರು ಮಾಲೀಕರೊಡನೆ ಲಿಖಿತ ಕರಾರು ಮಾಡಿಸುತ್ತಿದ್ದರು. 1852ರಲ್ಲಿ ಬಡಗಿಯೊಬ್ಬನೊಡನೆ ಮಾಡಿಕೊಂಡ ಕರಾರು ಇಂದಿಗೂ ಉಳಿದಿದೆ. ಕಸುಬನ್ನು ಪೂರ್ತಿ ಕಲಿಸಬೇಕು, ತಪ್ಪು ಮಾಡಿದರೆ ಮಾತಿನಿಂದಲೇ ತಿದ್ದಬೇಕು, ಹಬ್ಬದ ದಿನ ಬಿಡುವು, ವರ್ಷಕ್ಕೆ ಹದಿನೈದು ದಿನ ರಜೆ, ಏರುವ ಕೂಲಿ. ಮುಂದೆ ಒರೆಟರಿಯಲ್ಲೇ ಚಪ್ಪಲಿ, ಹೊಲಿಗೆ, ಪುಸ್ತಕ ಕಟ್ಟುವಿಕೆ, ಬಡಗಿ ಕೆಲಸ, ಮುದ್ರಣ, ಕಮ್ಮಾರಿಕೆಯ ಕಾರ್ಯಾಗಾರಗಳು ಒಂದೊಂದಾಗಿ ತೆರೆದುಕೊಂಡವು. 1854ರಲ್ಲಿ ಕಾಲರಾ ಮಾರಿ ನಗರವನ್ನು ಹೊಕ್ಕಾಗ ಈ ಹುಡುಗರೇ ಮನೆಮನೆಗೆ ಹೋಗಿ ರೋಗಿಗಳ ಸೇವೆ ಮಾಡಿದರು. ಸೇವೆಯ ಪಾಠವನ್ನು ಅವರಿಗೆ ಕಪ್ಪು ಹಲಗೆಯ ಮೇಲೆ ಬರೆದು ಕಲಿಸಬೇಕಾಗಲಿಲ್ಲ.

ಅವರ ಶಿಷ್ಯರಲ್ಲಿ ದೊಮಿನಿಕ್ ಸಾವಿಯೊನ ಹೆಸರು ನಮ್ಮ ಧರ್ಮಕೇಂದ್ರಗಳಲ್ಲಿ ಪರಿಚಿತ. 1854ರಲ್ಲಿ ಹನ್ನೆರಡರ ವಯಸ್ಸಿನಲ್ಲಿ ಬಂದ, 1857ರ ಮಾರ್ಚ್ 9ರಂದು ಹದಿನೈದು ತುಂಬುವ ಮುನ್ನ ತೀರಿಕೊಂಡ ಈ ಬಾಲಕ ಇಂದು ಸಂತ. ಆತ ಉಪವಾಸ, ದೇಹದಂಡನೆಗಳಿಂದ ಪವಿತ್ರನಾಗಲು ಹೊರಟಾಗ ಗುರುಗಳು ತಡೆದರು. ಓದು, ಉಲ್ಲಾಸ, ಜೊತೆಗಾರರಿಗೆ ನೆರವು, ಇಷ್ಟೇ ಸಾಕೆಂದು ತಿಳಿಹೇಳಿದರು. ಆದರೆ ಶಿಕ್ಷಕರಿಗೆ ಹೆಚ್ಚು ಕಲಿಸಬಲ್ಲವನು ಸಾವಿಯೊಗಿಂತ ಮೈಕೆಲ್ ಮಗೋನೆ ಎಂದು ನಮ್ಮ ಅನಿಸಿಕೆ.

1857ರ ಶರತ್ಕಾಲದ ಒಂದು ಮಂಜಿನ ಸಂಜೆ ಕಾರ್ಮಗ್ನೋಲಾ ರೈಲು ನಿಲ್ದಾಣದಲ್ಲಿ ಡಾನ್ ಬೋಸ್ಕೊರವರು ರೈಲಿಗಾಗಿ ಕಾಯುತ್ತಿದ್ದಾಗ, ಹುಡುಗರ ಗುಂಪೊಂದರ ಮೇಲೆ ಅಧಿಕಾರ ನಡೆಸುತ್ತಿದ್ದ ಬಾಲಕನ ದನಿ ಕೇಳಿತು. ಅವನೇ ಮಗೋನೆ, ಆ ಗುಂಪಿನ ದಂಡನಾಯಕ, ತಂದೆಯಿಲ್ಲದ ಪುಂಡ. ರೈಲು ಬರುವಷ್ಟರಲ್ಲಿ ಅವನ ಸ್ನೇಹ ಗಳಿಸಿ, ಸ್ಥಳೀಯ ಗುರುಗಳಿಂದ ವಿವರ ತಿಳಿದು, ಅವನನ್ನು ಒರೆಟರಿಗೆ ಕರೆಸಿಕೊಂಡರು. ಮೊದಲ ಕೆಲವು ವಾರ ಅವನಿಗೆ ಆಟವೊಂದೇ ಲೋಕ. ಆಮೇಲೆ ಒಮ್ಮೆಗೇ ಮಂಕಾದ. ಜೊತೆಯವರು ಒಳ್ಳೆಯವರು, ತಾನು ಅಲ್ಲ ಎಂಬ ಕೊರಗು ಅವನನ್ನು ಕೊರೆಯತೊಡಗಿತ್ತು. ಮೂಲೆಯಲ್ಲಿ ಕುಳಿತು ಅಳುತ್ತಿದ್ದ. ಗುರುಗಳು ಗಮನಿಸಿದರು, ಆದರೆ ಬಲವಂತ ಮಾಡಲಿಲ್ಲ. ಮೇಲ್ವಿಚಾರಣೆಗೆಂದು ನೇಮಿಸಿದ್ದ ಹಿರಿಯ ಗೆಳೆಯ ಪಾಪನಿವೇದನೆಯ ಸಲಹೆ ಕೊಟ್ಟ, ಗುರುಗಳು ಅವನನ್ನು ಕರೆಸಿ ಕೊರಗಿನ ಕಾರಣವನ್ನು ಪ್ರೀತಿಯಿಂದ ವಿಚಾರಿಸಿದರು. ಪಾಪನಿವೇದನೆಯ ಬಳಿಕ ಅವನ ಮನಸ್ಸು ಹಗುರಾಯಿತು. ಆಟದಲ್ಲಿ ಅದೇ ಬಿರುಸು, ಆದರೆ ಈಗ ಚಿಕ್ಕವರ ರಕ್ಷಕ, ಜಗಳ ಬಿಡಿಸುವವ. 1859ರ ಜನವರಿ 21ರಂದು, ಹದಿಮೂರರ ಹರೆಯದಲ್ಲಿ, ಅವನು ಕಾಯಿಲೆಯಿಂದ ತೀರಿಕೊಂಡ. ಡಾನ್ ಬೋಸ್ಕೊ ಅವನ ಜೀವನಚರಿತ್ರೆ ಬರೆದು 1861ರಲ್ಲಿ ಪ್ರಕಟಿಸಿದರು. ಹುಟ್ಟು ಸಾಧುವಿನ ಕಥೆಯೊಡನೆ ಹುಟ್ಟು ತುಂಟನ ಕಥೆಯನ್ನೂ ಮಕ್ಕಳ ಕೈಗಿಟ್ಟದ್ದು ಆ ಗುರುವಿನ ಜಾಣ್ಮೆ. ಪ್ರತಿ ತರಗತಿಯಲ್ಲೂ ಮಗೋನೆಗಳೇ ಹೆಚ್ಚಲ್ಲವೇ?

1859ರ ಡಿಸೆಂಬರ್ 18ರಂದು ಡಾನ್ ಬೋಸ್ಕೊ ಸೇರಿದಂತೆ ಹದಿನೆಂಟು ಜನ ಕೂಡಿ ಸಲೇಷಿಯನ್ ಸಭೆಯನ್ನು ಸ್ಥಾಪಿಸಿದರು. ಅವರಲ್ಲಿ ಬಹುಪಾಲು ಅವರ ಕೈಯಲ್ಲೇ ಬೆಳೆದ ಯುವಕರು. ಮೈಕೆಲ್ ರುವಾ ಎಂಬಾತ ಚಿಕ್ಕವನಿದ್ದಾಗ ಗುರುಗಳು ತಮ್ಮ ಅಂಗೈಯನ್ನು ಅರ್ಧಕ್ಕೆ ಕತ್ತರಿಸಿ ಕೊಡುವಂತೆ ಅಭಿನಯಿಸಿ ನಕ್ಕಿದ್ದರು. ಎಲ್ಲದರಲ್ಲೂ ಅರ್ಧ ಪಾಲು ಎಂಬ ಅದರ ಅರ್ಥ ಅವನಿಗೆ ತಿಳಿದದ್ದು ದೊಡ್ಡವನಾದ ಮೇಲೆ. ಗುರುಗಳ ನಂತರ ಸಭೆಯನ್ನು ನಡೆಸಿದವರು ಆತನೇ. 1872ರಲ್ಲಿ ಸಂತ ಮರಿಯಾ ಮಜ್ಜರೆಲ್ಲೊರವರ ಜೊತೆಗೂಡಿ ಹೆಣ್ಣುಮಕ್ಕಳ ಶಿಕ್ಷಣಕ್ಕೆಂದು ಕನ್ಯಾಸ್ತ್ರೀಯರ ಸಭೆ ಆರಂಭವಾಯಿತು. 1875ರಲ್ಲಿ ಮೊದಲ ತಂಡ ಅರ್ಜೆಂಟೀನಾಕ್ಕೆ ಹಡಗು ಹತ್ತಿತು.

1877ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಮಕ್ಕಳ ಮನೆಯೊಂದರ ಉದ್ಘಾಟನೆಯ ಸಂದರ್ಭದಲ್ಲಿ ತಮ್ಮ ಶಿಕ್ಷಣ ಕ್ರಮವನ್ನು ಅವರು ಬರಹಕ್ಕಿಳಿಸಿದರು. ಕೆಲವೇ ಪುಟಗಳ ಬರಹ. ಎರಡು ದಾರಿಗಳಿವೆ: ನಿಯಮ ಸಾರಿ, ದೂರ ನಿಂತು, ತಪ್ಪಿದವನನ್ನು ಹಿಡಿದು ದಂಡಿಸುವುದು ಒಂದು, ನಿಯಮ ತಿಳಿಸಿ, ಜೊತೆಯಲ್ಲೇ ಇದ್ದು, ತಪ್ಪುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಇನ್ನೊಂದು. ಅವರ ಆಯ್ಕೆ ಎರಡನೆಯದು. ವಿವೇಚನೆ, ಧರ್ಮ, ಮಮತೆ ಅದರ ಮೂರು ಕಂಬಗಳು. ಹೊಡೆಯುವುದು, ನೋವಾಗುವಂತೆ ಮಂಡಿಯೂರಿಸುವುದು, ಕಿವಿ ಹಿಂಡುವುದು ಸಂಪೂರ್ಣ ವರ್ಜ್ಯ. ಅವು ಕಾನೂನಿಗೆ ವಿರುದ್ಧ, ಮಗುವನ್ನು ಕೆರಳಿಸುತ್ತವೆ, ಶಿಕ್ಷಕನನ್ನೇ ಕೀಳಾಗಿಸುತ್ತವೆ. ತಿದ್ದುವುದಾದರೆ ಏಕಾಂತದಲ್ಲಿ. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ದಂಡಂ ದಶಗುಣಂ ಎಂದು ನಂಬಿ ಬೆಳೆದ ನಮ್ಮ ತಲೆಮಾರಿಗೆ ಅದು ಜೀರ್ಣವಾಗಲು ಕಾಲ ಹಿಡಿಯಿತು. ಬೆತ್ತವನ್ನು ಕೆಳಗಿಟ್ಟ ಶಿಕ್ಷಕ ಅದರ ಜಾಗದಲ್ಲಿ ಏನನ್ನು ಹಿಡಿಯಬೇಕೆಂಬುದನ್ನು ಕಾಯ್ದೆ ಹೇಳುವುದಿಲ್ಲ. ನೀಸಿನ ಆ ಪುಟಗಳು ಹೇಳುತ್ತವೆ.

ಧರ್ಮವೆಂಬ ಕಂಬದ ಬಗ್ಗೆ ಒಂದು ಮಾತು. ವಲ್ದೊಕ್ಕೊದ ಹುಡುಗರೆಲ್ಲ ಒಂದೇ ಧರ್ಮದವರು. ವಿಜಯನಗರದ ಅಥವಾ ಕೆಂಗೇರಿಯ ನಮ್ಮ ಶಾಲೆಗಳಲ್ಲಿ ಎಲ್ಲ ಧರ್ಮದ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಯಾವ ಮಗುವನ್ನೂ ಒಳಪಡಿಸುವಂತಿಲ್ಲವೆಂದು ಸಂವಿಧಾನದ 28ನೆಯ ವಿಧಿ ಸ್ಪಷ್ಟಪಡಿಸಿದೆ. ಅದು ಸರಿಯಾದದ್ದೇ. ಕಾರ್ಯಕ್ರಮ ರೂಪಿಸುವವರು ಉಳಿದೆರಡು ಕಂಬಗಳನ್ನು ಎಲ್ಲ ಮಕ್ಕಳಿಗೂ ನೆಡಬಹುದು. ಪ್ರತಿ ಮಗುವೂ ತನ್ನ ಮನೆಯಿಂದ ತಂದ ಭಕ್ತಿಯನ್ನು ಗೌರವಿಸುವುದರಿಂದ ಮೂರನೆಯದಕ್ಕೂ ಊನವಾಗದು.

ಇನ್ನು ನಮ್ಮನ್ನು ಹೆಚ್ಚು ತಟ್ಟುವ ಪ್ರಸಂಗಕ್ಕೆ ಬರೋಣ. 1884ರ ಮೇ 10. ಡಾನ್ ಬೋಸ್ಕೊ ರೋಮಿನಲ್ಲಿದ್ದರು. ವಯಸ್ಸು ಅರವತ್ತೆಂಟು, ದೇಹ ಜರ್ಜರಿತ. ಅಲ್ಲಿಂದ ವಲ್ದೊಕ್ಕೊಗೆ ಅವರ ಹೆಸರಿನಲ್ಲಿ ಒಂದು ಪತ್ರ ಬಂತು. ಅದರಲ್ಲೊಂದು ಕನಸಿನ ನಿರೂಪಣೆ. ಹಳೆಯ ಶಿಷ್ಯರಿಬ್ಬರು ಅವರಿಗೆ ಎರಡು ಆಟದ ಬಯಲುಗಳನ್ನು ತೋರಿಸುತ್ತಾರೆ. ಮೊದಲನೆಯದು ಹಿಂದಿನ ಒರೆಟರಿ: ಓಟ, ಕುಣಿತ, ಹಾಡು, ಗುರುಗಳ ಸುತ್ತ ಕತೆ ಕೇಳುತ್ತ ಮುತ್ತಿದ ಮಕ್ಕಳು. ಎರಡನೆಯದು ಅಂದಿನದು: ಶಾಲೆ ದೊಡ್ಡದಾಗಿದೆ, ನಿಯಮಗಳು ಸಮರ್ಪಕವಾಗಿವೆ, ಮಕ್ಕಳ ಸಂಖ್ಯೆ ಹೆಚ್ಚಿದೆ. ಆದರೆ ಹುಡುಗರು ಕಂಬಗಳಿಗೆ ಒರಗಿ ನಿಂತಿದ್ದಾರೆ, ಮೂಲೆಗಳಲ್ಲಿ ಪಿಸುಗುಡುತ್ತಿದ್ದಾರೆ, ಮುಖದಲ್ಲಿ ಬೇಸರ, ಸಂಶಯ. ಶಿಕ್ಷಕರು ಎಲ್ಲಿ? ತಮ್ಮತಮ್ಮಲ್ಲೇ ಮಾತನಾಡುತ್ತ ಅಡ್ಡಾಡುತ್ತಿದ್ದಾರೆ. ಕೆಲವರು ದೂರದಿಂದ ಕಣ್ಣಿಟ್ಟು ಕಾಯುತ್ತಿದ್ದಾರೆ, ತಪ್ಪು ಕಂಡರೆ ಗದರುತ್ತಾರೆ.

ಈ ಶಿಕ್ಷಕರು ಸೋಮಾರಿಗಳಲ್ಲ. ಮಕ್ಕಳಿಗಾಗಿ ಜೀವ ತೇಯುತ್ತಿದ್ದರು, ಓದಿಸುತ್ತಿದ್ದರು, ಉಣಿಸುತ್ತಿದ್ದರು. ಪತ್ರ ಅದನ್ನು ಒಪ್ಪುತ್ತದೆ. ಅವರಿಗೆ ಮಕ್ಕಳ ಮೇಲೆ ಪ್ರೀತಿಯಿತ್ತು, ಆದರೆ ತಮ್ಮನ್ನು ಪ್ರೀತಿಸುತ್ತಾರೆಂಬುದು ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಮಕ್ಕಳಿಗೆ ಇಷ್ಟವಾದದ್ದರಲ್ಲಿ, ಅಂದರೆ ಆಟದಲ್ಲಿ, ಹಿರಿಯರು ಕ್ಷಣಕಾಲವೂ ಬೆರೆಯದಿದ್ದರೆ, ಹಿರಿಯರಿಗೆ ಇಷ್ಟವಾದ ಓದು, ಶಿಸ್ತು, ತ್ಯಾಗಗಳಲ್ಲಿ ಮಕ್ಕಳೇಕೆ ಬೆರೆತಾರು? ತರಗತಿಯಲ್ಲಿ ಮಾತ್ರ ಕಾಣುವ ಶಿಕ್ಷಕ ಶಿಕ್ಷಕನಷ್ಟೇ. ಬಿಡುವಿನಲ್ಲಿ ಜೊತೆಗೂಡಿದಾಗ ಆತ ಅಣ್ಣನಾಗುತ್ತಾನೆ. ಇದು ಆ ಪತ್ರದ ತಿರುಳು. ಬದುಕಿನ ನಾಲ್ಕು ದಶಕ ತೆತ್ತು ಕಟ್ಟಿದ ಸಂಸ್ಥೆಯಲ್ಲಿ ಕ್ರಮ ಉಳಿದು ಆತ್ಮೀಯತೆ ಆರಿಹೋಗುತ್ತಿದೆಯೆಂದು ಸ್ಥಾಪಕರೇ ಬರೆದು ಒಪ್ಪಿಕೊಳ್ಳುವುದು ಸಾಮಾನ್ಯವಲ್ಲ. ಹೊಸ ನಿಯಮ ಸೇರಿಸಲು ಅವರು ಸೂಚಿಸಲಿಲ್ಲ, ಹೊಸ ಪುಸ್ತಕವನ್ನೂ ಅಲ್ಲ. ಶಿಕ್ಷಕರನ್ನು ಬಯಲಿಗೆ ಇಳಿಯಲು ಕೇಳಿಕೊಂಡರು.

ನಮ್ಮ ಶಿಕ್ಷಕಿಯರ ಪಾಡನ್ನು ಬಲ್ಲವರು ಇಲ್ಲಿ ಆಕ್ಷೇಪ ಎತ್ತಬಹುದು. ಬಿಡುವಿನ ವೇಳೆಯಲ್ಲಿ ನೋಟ್‌ಬುಕ್ ತಿದ್ದಬೇಕು, ಅಂಕಿಅಂಶ ತುಂಬಬೇಕು, ಆನ್‌ಲೈನ್ ಮಾಹಿತಿ ಕಳುಹಿಸಬೇಕು, ಬಯಲಿಗೆ ಇಳಿಯುವುದೆಂದು? ಆಕ್ಷೇಪ ನ್ಯಾಯವಾದದ್ದು. ಆದ್ದರಿಂದಲೇ ಶೀಲ ಶಿಕ್ಷಣದ ಯೋಜನೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ವೇಳಾಪಟ್ಟಿಯಿಂದಲೇ ಆರಂಭವಾಗಬೇಕು. ವಾರದ ಆ ಒಂದು ಅವಧಿಯನ್ನು ಪುಸ್ತಕಕ್ಕೆ ಕೊಡುವ ಬದಲು ಶಿಕ್ಷಕರಿಗೇ ಬಿಡುವಾಗಿ ಕೊಟ್ಟು, ಸರದಿಯಂತೆ ಅವರು ಮಕ್ಕಳ ಆಟದಲ್ಲಿ, ಊಟದಲ್ಲಿ ಜೊತೆಗಿರುವಂತೆ ಮಾಡಿದರೆ ಖರ್ಚೂ ಕಡಿಮೆ. ಏಳನೆಯ ತರಗತಿಯವರಿಗೆ ಐದನೆಯವರ ಹೊಣೆ ವಹಿಸಿದರೆ, ಮಗೋನೆಗೆ ದೊರೆತ ಹಿರಿಯ ಗೆಳೆಯನಂಥವರು ಇಲ್ಲಿಯೂ ಸಿಕ್ಕಾರು.

ಬೆಂಗಳೂರು ಈ ಪಾಠವನ್ನು ಅರಿಯದ ಊರೇನಲ್ಲ. 1980ರಲ್ಲಿ ಇಲ್ಲಿ ಸಲೇಷಿಯನ್ ಗುರುಮಠದ ವಿದ್ಯಾರ್ಥಿಗಳು ಬೀದಿಯ ಮಕ್ಕಳನ್ನು ಹುಡುಕಿಕೊಂಡು ಹೋಗತೊಡಗಿದರು. ಮಕ್ಕಳನ್ನು ಮೊದಲು ಕರೆತಂದು ಆಮೇಲೆ ಸ್ನೇಹ ಮಾಡಿದ್ದಲ್ಲ. ಮಕ್ಕಳಿದ್ದಲ್ಲಿಗೇ ಹೋಗಿ, ಕೂತು ಮಾತನಾಡಿ, ನಂಬಿಕೆ ಗಳಿಸಿದ ಮೇಲೆ ಆಶ್ರಯಕ್ಕೆ ಕರೆದದ್ದು. ಹೀಗೆ ಬೆಳೆದ ಸಂಸ್ಥೆಗೆ ಬೆಂಗಳೂರು ಓಣಿಯವರ ಸೇವಾ ಕೂಟವೆಂದು ಹೆಸರು. ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಮೊದಲಕ್ಷರಗಳನ್ನು ಕೂಡಿಸಿದರೆ ಬೋಸ್ಕೊ ಎಂದೇ ಆಗುತ್ತದೆ. ಮೆಜೆಸ್ಟಿಕ್‌ನ ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಮನೆಬಿಟ್ಟು ಬಂದು ಇಳಿಯುವ ಮಕ್ಕಳಿಗೆ ಕಾರ್ಮಗ್ನೋಲಾದ ಆ ಸಂಜೆ ಈಗಲೂ ಮರುಕಳಿಸುತ್ತದೆ.

ಡಾನ್ ಬೋಸ್ಕೊರವರನ್ನು 1929ರಲ್ಲಿ ಪುನೀತರೆಂದೂ 1934ರ ಪಾಸ್ಖ ಹಬ್ಬದಂದು ಸಂತರೆಂದೂ ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು ಘೋಷಿಸಿದರು. ಇವೆಲ್ಲ ಅವರ ಮರಣಾನಂತರದ ಗೌರವಗಳು. ಇಂತಹ ಶಿಕ್ಷಣಕ್ಕೆ ಅಂಕ ಕೊಡುವುದು ಹೇಗೆ, ಮೌಲ್ಯಮಾಪನ ಹೇಗೆ ಎಂದು ಕೇಳುವ ಆಡಳಿತ ಮಂಡಳಿಗಳಿಗೆ ಅವರ ಬದುಕಿನ ಇನ್ನೊಂದು ಘಟನೆಯನ್ನು ಹೇಳಬಹುದು. ಒರೆಟರಿಯ ಆರಂಭದ ದಿನಗಳಲ್ಲಿ ಅವರು ಕ್ಷೌರದಂಗಡಿಯೊಂದಕ್ಕೆ ಹೋದಾಗ ಅಲ್ಲಿ ಕಾರ್ಲೊ ಗಸ್ತೀನಿ ಎಂಬ ಪುಟ್ಟ ಹುಡುಗ ಕೆಲಸ ಕಲಿಯುತ್ತಿದ್ದ. ಇನ್ನೂ ಕತ್ತಿ ಹಿಡಿಯಲು ಬಾರದವನೆಂದು ಮಾಲೀಕ ತಡೆದರೂ ಕೇಳದೆ, ಗುರುಗಳು ಆ ಹುಡುಗನಿಂದಲೇ ಗಡ್ಡ ಹೆರೆಸಿಕೊಂಡರು. ಕೈ ನಡುಗುತ್ತಿತ್ತು, ಗುರುಗಳ ಮುಖಕ್ಕೆ ಸಾಕಷ್ಟು ಪ್ರಯಾಸವಾಯಿತು, ಆದರೂ ಅವರು ಅವನನ್ನು ಮೆಚ್ಚಿ ಭಾನುವಾರ ಬರಲು ಹೇಳಿ ಹೋದರು. ಹುಡುಗ ಬಂದ, ಅನಾಥನಾದ ಮೇಲೆ ಒರೆಟರಿಯಲ್ಲೇ ಬೆಳೆದ. 1870ರ ಜೂನ್ 24ರಂದು, ಗುರುಗಳ ನಾಮಹಬ್ಬದ ದಿನ, ನಡುವಯಸ್ಸಿನತ್ತ ಸಾಗಿದ್ದ ಗಸ್ತೀನಿಯ ಮುಂದಾಳುತನದಲ್ಲಿ ಹಳೆಯ ವಿದ್ಯಾರ್ಥಿಗಳ ಒಂದು ಚಿಕ್ಕ ಗುಂಪು ವಲ್ದೊಕ್ಕೊಗೆ ಬಂತು. ತಮ್ಮ ದುಡಿಮೆಯ ಹಣ ಕೂಡಿಸಿ ಗುರುಗಳಿಗೆಂದು ತಂದಿದ್ದ ಕಾಣಿಕೆ ಕಾಫಿ ಬಟ್ಟಲುಗಳು. ಮರುವರ್ಷವೂ ಬಂದರು, ಅದರ ಮರುವರ್ಷವೂ ಬಂದರು. ಪ್ರತಿ ಸಲವೂ ಗುಂಪು ದೊಡ್ಡದಾಗುತ್ತಿತ್ತು.